ಸಾವಿರ ಗಂಟೆಯ ಉಪ್ಪು

ಜೂನ್ 2, ಬೆಳಿಗ್ಗೆ 9:40

ಉಪ್ಪುನೀರು ನೂರಕ್ಕೆ ಐದು. ಚೇಂಬರ್ ಮೂವತ್ತೈದು ಡಿಗ್ರಿ. ಉಪ್ಪುನೀರು ಚಿಮ್ಮುವ ನಳಿಕೆ ಕಟ್ಟಿಕೊಂಡಿಲ್ಲ, ನೋಡಿದೆ. ಬಣ್ಣ ಹೊಡೆದ ಆರು ಕಬ್ಬಿಣದ ಪ್ಲೇಟು ಓರೆಯಾಗಿ ನಿಲ್ಲಿಸಿದೆ. ಒಂದೊಂದರ ಮೇಲೂ ಕಬ್ಬಿಣ ಕಾಣುವಷ್ಟು ಆಳಕ್ಕೆ ಅಡ್ಡಡ್ಡ ಎರಡು ಗೀರು. ಮುಚ್ಚಳ ಹಾಕಿದೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ — ಲೋಹಕ್ಕೆ ಉಪ್ಪು ಕುಡಿಸುವುದು, ಯಾವಾಗ ತುಕ್ಕು ಕಾರುತ್ತದೆ ಎಂದು ಕಾಯುವುದು.

ಈ ಸಲದ್ದು ಸಾವಿರ ಗಂಟೆ. ತುಕ್ಕಿಲ್ಲದೆ ದಾಟಿದರೆ ಸೇತುವೆ ಕಟ್ಟುವವರು ಬಣ್ಣ ಕೊಳ್ಳುತ್ತಾರೆ, ಬಣ್ಣ ಮಾಡಿದವಳಿಗೆ ಲ್ಯಾಬಿನ ಮುಖ್ಯಸ್ಥೆಯ ಕುರ್ಚಿ. ಮಾಡಿದವಳು ಯಾರು? ನನ್ನ ಓರಗಿತ್ತಿ. ಮೈದುನನ ಹೆಂಡತಿ. ಬೆಳಿಗ್ಗೆ ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಡಬ್ಬಿ ಕಟ್ಟುತ್ತೇವೆ, ಒಂದೇ ಬಸ್ ಹತ್ತುತ್ತೇವೆ. ಗೇಟು ದಾಟಿದ ಮೇಲೆ ಅವಳು ಮೇಡಂ.

ಗೇಟಿನಲ್ಲಿ ಹಾಜರಿ ಹಾಕುವ ಹೆಬ್ಬೆರಳ ಮೆಷೀನು ಇವತ್ತೂ ನಮ್ಮ ಯಜಮಾನರನ್ನು ಒಪ್ಪಲಿಲ್ಲ. ಪೇಂಟ್ ರೂಮಿನಲ್ಲಿ ಹತ್ತೊಂಬತ್ತು ವರ್ಷ ಬಣ್ಣದ ಗನ್ ಹಿಡಿದ ಕೈ. ಮೂರು ಸಲ ಒತ್ತಿದರು, ಮೂರು ಸಲ ಕೀ ಅಂತು. "ನಿಮ್ಮ ಗೆರೆನೆಲ್ಲ ಥಿನ್ನರ್ ತಿಂದು ಹಾಕಿದೆ, ಸೈನ್ ಮಾಡಿ ಹೋಗಿ ಅಣ್ಣ" ಅಂದ ಗೇಟಿನವನು. ಇಡೀ ಫ್ಯಾಕ್ಟರಿಯಲ್ಲಿ ರಿಜಿಸ್ಟರಿಗೆ ಸಹಿ ಹಾಕುವವರು ಇವರೊಬ್ಬರೇ. ಇವರೂ ನಕ್ಕರು. ಎಲ್ಲದಕ್ಕೂ ನಗುತ್ತಾರೆ.

ಜೂನ್ 4

ಬರೆದುಬಿಡುತ್ತೇನೆ. ಇಲ್ಲದಿದ್ದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಮೇ 24. ಇವರು ಡಬ್ಬಿ ಮರೆತು ಬಂದಿದ್ದರು. ಕೊಡಲು ಪೇಂಟ್ ರೂಮಿಗೆ ಹೋದೆ. ಥಿನ್ನರ್ ತರಲು ಸ್ಟೋರಿಗೆ ಹೊರಟಿದ್ದರು — "ಕೂತಿರು, ಬಂದೆ" ಅಂದರು. ಮೇಜಿನ ಮೇಲೆ ಆರು ಪ್ಲೇಟು. ನುಣ್ಣಗೆ ಉಜ್ಜಿ ತೊಳೆದದ್ದು, ಬಣ್ಣಕ್ಕೆ ಕಾದದ್ದು. ಅದನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಬೆವರಿನ ಉಪ್ಪು ಅಂಟಿದರೆ ಮೇಲೆ ಎಂಥ ಬಣ್ಣ ಹೊಡೆದರೂ ಅದು ಒಳಗಿಂದಲೇ ನೀರೆಳೆದು ಗುಳ್ಳೆ ಎಬ್ಬಿಸುತ್ತದೆ.

ಹೆಬ್ಬೆರಳನ್ನು ಕತ್ತಿನ ಬೆವರಿಗೆ ಒರೆಸಿಕೊಂಡೆ. ಎರಡನೇ ಪ್ಲೇಟಿಗೆ ಒತ್ತಿದೆ. ಐದನೆಯದಕ್ಕೂ. ಒಂದೇ ಆದರೆ ಆಕಸ್ಮಿಕ ಅನ್ನುತ್ತಾರೆ. ಎರಡಾದರೆ ಬಣ್ಣವೇ ಸರಿಯಿಲ್ಲ ಅನ್ನುತ್ತಾರೆ.

ಇವರು ಬಂದು ಗ್ಲೌಸ್ ಹಾಕಿಕೊಂಡು, ಒಂದೊಂದನ್ನೂ ಅಂಚಿನಲ್ಲಿ ಹಿಡಿದು ನೇತುಹಾಕಿದರು. ಹಸುಗೂಸನ್ನು ಎತ್ತುವ ಹಾಗೆ. ನೋಡಿ ನಗು ಬಂತು.

ಯಾಕೆ ಮಾಡಿದೆ? ಹೋದ ವರ್ಷ ಎಲ್ಲರೆದುರು ನನ್ನ ರೀಡಿಂಗ್ ಹೊಡೆದುಹಾಕಿದಳು. ನಾನು ಹತ್ತಕ್ಕೆ ಎಂಟು ಕೊಟ್ಟಿದ್ದ ಪ್ಲೇಟಿಗೆ ಅವಳು ಆರು ಕೊಟ್ಟಳು. "ಅಕ್ಕ, ಲೆನ್ಸ್ ಇಟ್ಟು ನೋಡಿದ್ರಾ?" — ಎಷ್ಟು ಮೆತ್ತಗೆ! ನೋಡಿರಲಿಲ್ಲ. ಅದಕ್ಕೇ ಉರಿ. ಆ ಕುರ್ಚಿ ನನ್ನದಾಗಬೇಕಿತ್ತು.

ಜೂನ್ 12. 240 ಗಂಟೆ.

ಎರಡು, ಐದು — ಸೂಜಿಮೊನೆಯಷ್ಟು ಚುಕ್ಕೆಗಳು! ಮಿಕ್ಕ ನಾಲ್ಕು ಕನ್ನಡಿಯ ಹಾಗಿವೆ. ಬರೆದುಕೊಂಡೆ.

ಮನೆಯಲ್ಲಿ ಅತ್ತೆ ಅವಳ ತಟ್ಟೆಗೆ ತುಪ್ಪ ಹಾಕುತ್ತ, "ಓದಿದ ಸೊಸೆ, ತಲೆಗೆ ಕೆಲಸ ಜಾಸ್ತಿ" ಅಂದರು. ನನ್ನ ತಲೆ ಬಾಡಿಗೆಗೆ ತಂದದ್ದಿರಬೇಕು. ಇರಲಿ. ಇನ್ನು ಹತ್ತು ದಿನ.

ಜೂನ್ 22. 480 ಗಂಟೆ.



ಸುಮ್ಮನೆ ಒಂದು ಹಿಡಿ ಗುಳ್ಳೆ ಅಂದುಕೊಂಡಿದ್ದೆ. ಹಳೆಯ ಬಣ್ಣಗಳಲ್ಲಿ ಹಾಗೇ ಆಗುತ್ತಿತ್ತು, ಎಲ್ಲ ಕಲಸಿಹೋಗಿ ಏನೆಂದು ಗೊತ್ತಾಗುತ್ತಿರಲಿಲ್ಲ. ಈ ಹಾಳು ಬಣ್ಣ ಎಷ್ಟು ಚೆನ್ನಾಗಿ ಹಿಡಿದಿದೆ ಎಂದರೆ ಬೆವರು ಕೂತಲ್ಲಿ ಬಿಟ್ಟು ಗುಳ್ಳೆ ಕೂದಲೆಳೆಯಷ್ಟೂ ಆಚೆ ಎದ್ದಿಲ್ಲ. ಗೆರೆಗೆ ಗೆರೆ, ಸುಳಿಗೆ ಸುಳಿ. ನನ್ನ ಹೆಬ್ಬೆರಳು, ತುಕ್ಕಿನಲ್ಲಿ. ಎರಡು ಪ್ಲೇಟಿನಲ್ಲೂ.

ಅಳಿಸುವಷ್ಟರಲ್ಲಿ ಅವಳು ಹಿಂದೆ ನಿಂತಿದ್ದಳು. "ಅಕ್ಕ, ಏನದು?"

ಜೂನ್ 23

ಮ್ಯಾನೇಜರ್ ಲೆನ್ಸ್ ಇಟ್ಟು ನೋಡಿದರು. ಅವಳು ಹೇಳಿದಳು — "ಭಾವ ಬರಿಗೈಲಿ ಮುಟ್ಟೋರಲ್ಲ ಸರ್. ನನ್ನ ಬಣ್ಣದ್ದೇ ಏನೋ ತಪ್ಪಿರಬೇಕು."

"ಬಣ್ಣಕ್ಕೆ ಹೆಬ್ಬೆರಳು ಇರುತ್ತೇನ್ರೀ?" ಅಂದರು ಮ್ಯಾನೇಜರ್.

ಎಲ್ಲರೂ ನಕ್ಕರು. ಇವರೊಬ್ಬರು ನಗಲಿಲ್ಲ. ಮೊದಲನೇ ಸಲ.

ಮ್ಯಾನೇಜರ್ ಇವರ ಕಡೆ ತಿರುಗಿದರು. "ರೂಮಿನ ಕೀ ಯಾರ ಹತ್ತಿರ?"

"ನನ್ನ ಹತ್ತಿರಾನೇ ಸರ್."

"ಬಣ್ಣ ಹೊಡೆದ ದಿನ ಬೇರೆ ಯಾರಾದರೂ ಬಂದಿದ್ರಾ?"

"ಇಲ್ಲ ಸರ್. ಯಾರೂ ಬಂದಿಲ್ಲ."

ನಾನು ಮೂರಡಿ ದೂರದಲ್ಲಿ ನಿಂತಿದ್ದೆ. ನನ್ನನ್ನು ಕಾಪಾಡಲು ಹೇಳಿದ್ದಲ್ಲ. ನಾನು "ಬೇರೆಯವಳು" ಅಂತ ಅವರಿಗೆ ಹೊಳೆಯಲೇ ಇಲ್ಲ. ಕೊನೆಗೆ ಅವರೇ ಅಂದರು, "ಗ್ಲೌಸ್ ತೂತಾಗಿತ್ತೇನೋ ಸರ್."

ಇವರ ಬೆರಳಲ್ಲಿ ಗೆರೆಯೇ ಇಲ್ಲ. ದಿನಾ ಬೆಳಿಗ್ಗೆ ಗೇಟಿನಲ್ಲಿ ಇಡೀ ಫ್ಯಾಕ್ಟರಿ ಅದನ್ನು ನೋಡಿ ನಗುತ್ತದೆ. ಒಬ್ಬನಿಗಾದರೂ ನೆನಪಾಗಬೇಕಲ್ಲ! ಆಗಲಿಲ್ಲ. ನಾಲಿಗೆ ಕಚ್ಚಿಕೊಂಡು ನಿಂತೆ. ಒಂದು ಮಾತು ಸಾಕಿತ್ತು.

ಜೂನ್ 24, ಸಂಜೆ

"ನಾನು ಮುಟ್ಟಿದ್ನೇನೇ? ನೆನಪೇ ಆಗ್ತಿಲ್ಲ ಕಣೇ."

"ಮೊನ್ನೆ ಗ್ಯಾಸ್ ಆಫ್ ಮಾಡಿದ್ದು ನೆನಪಿತ್ತಾ ನಿಮಗೆ? ಇಡೀ ಮನೆ ಹೋಗ್ತಿತ್ತು."

ಗ್ಯಾಸ್ ಮರೆತದ್ದು ನಾನು. ಇವರು ತಲೆ ತಗ್ಗಿಸಿದರು.

"ವಯಸ್ಸಾಗ್ತಾ ಬಂತು ರೀ. ಒಪ್ಪಿಕೊಂಡುಬಿಡಿ."

ಹೇಳುವಾಗ ನನ್ನ ದನಿ ಎಷ್ಟು ಪ್ರೀತಿಯಿಂದ ಬಂತು! ನನಗೇ ಆಶ್ಚರ್ಯ.

ಜುಲೈ 1

ಪೇಂಟ್ ರೂಮಿನ ಕೀ ವಾಪಸ್ ಕೊಟ್ಟು ಬಂದರು. ನಾಳೆಯಿಂದ ಹೋಗುವ ಹಾಗಿಲ್ಲ. ಹತ್ತೊಂಬತ್ತು ವರ್ಷಕ್ಕೆ ಒಂದು ಟೀ, ಒಂದು ಕೈಕುಲುಕು. ಏನಾದರೂ ಬೇಕಾ ಅಂತ ಮ್ಯಾನೇಜರ್ ಕೇಳಿದರಂತೆ. ಐದನೇ ಪ್ಲೇಟು ಕೇಳಿ ತಂದಿದ್ದಾರೆ. ಬಟ್ಟೆ ಬಿಚ್ಚಿ, ಗಡ್ಡ ಹೆರೆಯುವ ಕನ್ನಡಿಯ ಪಕ್ಕ ನಿಲ್ಲಿಸಿದರು.

"ಇದ್ಯಾಕೆ ಮನೆಗೆ?"

"ಇರಲಿ. ದಿನಾ ನೋಡ್ಕೋಬೇಕು."

ಹಲ್ಲುಜ್ಜುವಾಗ ನನ್ನ ಬೆರಳು ನನ್ನನ್ನೇ ನೋಡುತ್ತದೆ.

ಜುಲೈ 14. ಸಾವಿರ ಗಂಟೆ.

ಮಿಕ್ಕ ನಾಲ್ಕು ಪ್ಲೇಟಿಗೆ ಏನೂ ಆಗಿಲ್ಲ. ಗೀರಿನಲ್ಲೂ ತುಕ್ಕು ಹರಡಿಲ್ಲ. ಹದಿನಾಲ್ಕು ವರ್ಷದಲ್ಲಿ ಇಂಥ ಬಣ್ಣ ನೋಡಿಲ್ಲ. ಹತ್ತಕ್ಕೆ ಹತ್ತು. ನನ್ನ ಕೈಯಿಂದಲೇ ಬರೆದೆ.

ಕುರ್ಚಿ ಅವಳಿಗೆ. ಸಂಜೆ ನನ್ನ ಮೇಜಿನ ಹತ್ತಿರ ಬಂದಳು. "ಅಕ್ಕ, ಈಗ ನನ್ನ ಮಾತು ನಡೆಯುತ್ತೆ. ಭಾವನ್ನ ವಾಪಸ್ ಕರೆಸ್ತೀನಿ."

"ಬೇಡಮ್ಮ. ಅವರಿಗೆ ಈಗ ಕೈ ನಡುಗುತ್ತೆ. ಇನ್ನೊಂದು ಸಲ ಅವಮಾನ ಆಗೋದು ಬೇಡ."

ಅವಳ ಕಣ್ಣಲ್ಲಿ ನೀರು ಬಂತು. ನನ್ನ ಗಂಡನಿಗಾಗಿ ಅವಳು ಅಳುತ್ತಾಳೆ. ತಡೆಯಲಾಗದೆ ಎದ್ದು ಹೋದೆ. ಇವರು ವಾಪಸ್ ಬಂದರೆ ಗೇಟಿನ ಮೆಷೀನು ಇದೆ. ನಾಳೆ ಯಾರಾದರೂ ಎರಡಕ್ಕೆ ಎರಡು ಕೂಡಿಸಿದರೆ?

ಆಗಸ್ಟ್ 9

ಇವರ ಕೈ ನಿಜವಾಗಿಯೂ ನಡುಗುತ್ತಿದೆ. ಸುಳ್ಳು ಹೇಳಿದ್ದೆ, ನಿಜವಾಯಿತು.

ಯಾವುದನ್ನೂ ಬರಿಗೈಯಲ್ಲಿ ಮುಟ್ಟುವುದಿಲ್ಲ. ಲೋಟ ಎತ್ತಲೂ ಕರವಸ್ತ್ರ. ಬಾಗಿಲಿನ ಚಿಲಕಕ್ಕೂ. ತಂಗಿಯ ಮಗು ಬಂದಿತ್ತು, ಎತ್ತಿಕೊಳ್ಳಲಿಲ್ಲ — "ನನ್ನ ಕೈ ಸರಿಯಿಲ್ಲ" ಅಂದರು. ಅತ್ತೆ ಒಳಗೆ ಹೋಗಿ ಅತ್ತರು.

ಇವತ್ತು ಊಟಕ್ಕೆ ಕೂತಾಗ ಹೇಳಿಬಿಡೋಣ ಅನ್ನಿಸಿತು. ಬಾಯಿ ತೆರೆದೆ. "ಇನ್ನೊಂಚೂರು ಹಾಕಲಾ?" ಅಂದೆ.

ಆಗಸ್ಟ್ 20, ಬೆಳಿಗ್ಗೆ

ಓರಗಿತ್ತಿ ಯಾರ ಹತ್ತಿರವೋ ಮಾತಾಡಿದ್ದಾಳೆ. ಕಿಟಕಿ, ಗ್ರಿಲ್ ಮಾಡುವ ಸಣ್ಣ ವರ್ಕ್‌ಶಾಪ್, ಬಣ್ಣ ಹೊಡೆಯುವ ಕೆಲಸ. ನನ್ನನ್ನು ಕೇಳಲಿಲ್ಲ. ಇವರು ಗಡ್ಡ ಹೆರೆದು, ಇಸ್ತ್ರಿ ಅಂಗಿ ಹಾಕಿ ಹೋದರು. ಬಾಗಿಲಲ್ಲಿ ತಿರುಗಿ "ಕೊಡ್ತಾರೆ ಅಂತೀಯಾ?" ಅಂದರು. ಮಗು ಕೇಳಿದ ಹಾಗೆ. ಕೊಡಲಿ ಅಂತಲೇ ಅನ್ನಿಸಿತು. ಆಣೆ.

ಅದೇ ದಿನ, ಸಂಜೆ 6:10

ನಗುತ್ತಾ ಬಂದರು. ಎರಡು ತಿಂಗಳಾಗಿತ್ತು ಆ ನಗು ಕೇಳಿ. ಕೆಲಸ ಸಿಕ್ಕಿತಂತೆ. ಚಪ್ಪಲಿ ಬಿಡುತ್ತಲೇ ಅತ್ತೆಗೆ ಹೇಳುತ್ತಿದ್ದರು — "ಅಲ್ಲೂ ಹೆಬ್ಬೆರಳ ಮೆಷೀನ್ ಅಮ್ಮ! ಒತ್ತಿದೆ, ಒತ್ತಿದೆ, ಆಗ್ಲಿಲ್ಲ. ಹತ್ತೂ ಬೆರಳು ಒತ್ತಿಸಿದ್ರು. ಕೊನೆಗೆ ಆ ಹುಡುಗಿ ಅಂತಾಳೆ, ಸರ್ ನಿಮ್ಮ ಬೆರಳಲ್ಲಿ ಒಂದು ಗೆರೆನೂ..."

ನಿಂತುಹೋಯಿತು. ಮಾತೂ, ನಗುವೂ.

ನಾನು ಅಡುಗೆಮನೆಯಿಂದ ಒಳಕೋಣೆಗೆ ಬಂದೆ. ಡೈರಿ ತೆಗೆದೆ. ಬೇರೇನು ಮಾಡಲಿ ಗೊತ್ತಾಗಲಿಲ್ಲ.

ಕನ್ನಡಿಯ ಹತ್ತಿರ ಹೋದರು. ದೀಪ ಹಾಕಿದ ಸದ್ದು. ಪ್ಲೇಟು ಎತ್ತಿಕೊಂಡ ಸದ್ದು. ಅತ್ತೆ "ಏನಾಯ್ತೋ?" ಅಂದರು.

ಈಗ ಕೂಗಿದರು. ಮೆತ್ತಗೆ.

"ಆವತ್ತು ಡಬ್ಬಿ ತಂದಿದ್ದೆ ಅಲ್ವೇನೇ ನೀನು?"

ಹೆಜ್ಜೆ. ಬಾಗಿಲಲ್ಲಿ ನಿಂತಿದ್ದಾರೆ. ಪ್ಲೇಟು ಕೈಯಲ್ಲಿದೆ. ಕರವಸ್ತ್ರ ಇಲ್ಲ, ಬರಿಗೈ. ಕೈ ನಡುಗುತ್ತಿಲ್ಲ. ನಾನು ತಲೆ ಎತ್ತದೆ ಬರೆಯುತ್ತಿದ್ದೇನೆ. ಪೆನ್ನು ಕೆಳಗಿಡು ಅಂದರು. ಬಲಗೈ ಕೊಡು ಅಂದರು. ಹತ್ತಿರ ಬಂದು ಪಕ್ಕದಲ್ಲಿ ಕೂತರು. ಬೈಯುತ್ತಿಲ್ಲ... ಬೈದರೆ ಸಾಕಿತ್ತು. ನನ್ನ ಹೆಬ್ಬೆರಳನ್ನು ಹಿಡಿ