ತುಂಡಾದ ಚಿತ್ರ ಕೂಡಿಕೊಂಡ ಸುದ್ದಿ

ಜೊಂಬಾ, ಬುಧವಾರ

ಪ್ರೀತಿಯ ಚಿಂಬಾಲಂಗಾ ಮೇಷ್ಟ್ರಿಗೆ,

ಇಪ್ಪತ್ತೈದು ವರ್ಷದ ಹಿಂದೆ ನೀವು ಕಟ್ಟಿದ ನಮ್ಮ ಶಾಲೆಯ ವೆಬ್ ಪುಟವನ್ನು ಮೊನ್ನೆ ನಾನೇ ಕೆಡಿಸಿದ್ದೆ. ಗಾಬರಿಯಾಗಬೇಡಿ, ಈಗ ಸರಿಯಾಗಿದೆ.

ಹೊಸ ಹೆಡ್‌ಮಿಸ್ಟ್ರೆಸ್ ಪುಟವನ್ನು ನೋಡದೆಯೇ, "ಹಳೇ ಕಸ, ಅಳಿಸಿಬಿಡಮ್ಮ" ಎಂದಿದ್ದರು. ಹೊಸದು ಮಾಡಿಯಾದರೂ ಉಳಿಸೋಣವೆಂದು, ಇದು ಈ ಕಾಲದ ಪುಟ ಎಂದು ಬ್ರೌಸರಿಗೆ ಹೇಳುವ ಒಂದು ಸಾಲನ್ನು ಮೇಲೆ ಸೇರಿಸಿದೆ. ಅಷ್ಟಕ್ಕೇ, ನೀವು ಆ ಕಾಲದ ರೂಢಿಯಂತೆ ತುಂಡುತುಂಡಾಗಿ ಕತ್ತರಿಸಿ ಜೋಡಿಸಿದ್ದ ನಮ್ಮ ನೆಟ್‌ಬಾಲ್ ತಂಡದ ಚಿತ್ರದ ತುಂಬ ಬಿಳಿ ಗೆರೆಗಳು ಬಿದ್ದವು. ನನ್ನ ತರಗತಿಯ ಮಕ್ಕಳು, "ಟೀಚರ್, ನಿಮ್ಮ ಕುತ್ತಿಗೆ ಎಲ್ಲೋಯ್ತು?" ಎಂದು ನಕ್ಕಿದ್ದೇ ನಕ್ಕಿದ್ದು.

ಸಾಲನ್ನು ತೆಗೆದೆ. ಚಿತ್ರ ಕೂಡಿಕೊಂಡಿತು! ಆ ಸಾಲಿಲ್ಲದ ಪುಟವನ್ನು ಬ್ರೌಸರು ಹಳೆಯ ಕಾಲದ್ದೆಂದು ತಿಳಿದು, ಹಳೆಯ ಪದ್ಧತಿಯಲ್ಲೇ ತೋರಿಸುತ್ತದೆ.

ನಗು ಕೇಳಿ ಬಂದ ಹೆಡ್‌ಮಿಸ್ಟ್ರೆಸ್ ಪರದೆಗೆ ಮುಖವಿಟ್ಟು, "ಅಯ್ಯೋ, ಇವಳು ನಮ್ಮಕ್ಕ ಎಫೆಲೊ ಕಣೇ! ಇದನ್ನ ಯಾರೂ ಮುಟ್ಟಕೂಡದು" ಎಂದರು.

ಶನಿವಾರ ಹಳೆಯ ತಂಡ ಮತ್ತೆ ಆಡುತ್ತಿದೆ. ನೀವು ಬರಲೇಬೇಕು, ಮಂಡಿನೋವಿನ ನೆಪ ಬೇಡ. ಬರುವಾಗ ನಿಮ್ಮ ಮಂಗೋಚಿಯಿಂದ ಚಂಬೊ ಮೀನು ತನ್ನಿ, ನ್ಸೀಮಾ ಮುದ್ದೆ ನಾವು ಬೇಯಿಸುತ್ತೇವೆ. ಅಂದು ಫೋಟೊ ತೆಗೆದವರು ನೀವಾದ್ದರಿಂದ ಚಿತ್ರದಲ್ಲಿ ನೀವೊಬ್ಬರೇ ಇಲ್ಲ. ಈ ಸಲ ನಾನು ತೆಗೆಯುತ್ತೇನೆ, ನೀವು ನಡುವೆ ನಿಲ್ಲಿ.

ನಿಮ್ಮ ಶಿಷ್ಯೆ,
ತಡಾಲಾ