ಉಪ್ಪಿನ ಗಡಿಗೆಯ ಕಾಲುಂಗುರ

ಚಿತ್ತಾಪುರ
೧೧ ಫೆಬ್ರುವರಿ ೨೦೨೫

ಮಗಳೇ ಶಿವರಂಜನಿ, ಅವ್ವನ ಆಶೀರ್ವಾದಗಳು.

ನೀನು ಫೋನು ಎತ್ತುವುದಿಲ್ಲ. ಪತ್ರವನ್ನಾದರೂ ಹರಿಯದೆ ಓದುತ್ತೀ ಎಂದುಕೊಂಡು ಬರೆಯುತ್ತಿದ್ದೇನೆ. ರೈಲು ಹತ್ತಿದರೆ ನೀನಿರುವ ಸೇಡಂ ಇಲ್ಲಿಗೆ ಹತ್ತಿರವೇ. ಬಂದು ನಿನ್ನ ಬಾಗಿಲು ಬಡಿಯಲು ಧೈರ್ಯ ಸಾಲದು.

ಕಾದಂಬರಿ ಬರೆಯಲೆಂದು ಕರೆಸಿಕೊಂಡ ಈ ಲೇಖಕರ ವಸತಿಯಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಕಿಟಕಿಯ ಪಕ್ಕ ಮೇಜು, ಹೊತ್ತುಹೊತ್ತಿಗೆ ಚಹಾ. ಅಡುಗೆಯ ಮಾಶಾಬಿ ಒಂದು ಲೋಟ ತೊಳೆಯಲೂ ಬಿಡುವುದಿಲ್ಲ. "ನೀವು ಬರಕೋತ ಕುಂದರ್ರಿ ಅವ್ವಾರ, ಉಳಿದದ್ದು ನಮಗ ಬಿಡ್ರಿ" ಅನ್ನುತ್ತಾಳೆ. ಇಷ್ಟಿದ್ದೂ ಕಾದಂಬರಿ ಆಗಲಿಲ್ಲ. ಇಷ್ಟು ವರ್ಷ ಬರೆದೂ ಬರೆದೂ ದಣಿದುಬಿಟ್ಟಿದ್ದೇನೆ. ಕಥೆಗಾರ್ತಿ ಎಂದು ಕರೆದರೆ ಬೇರೆ ಯಾರನ್ನೋ ಕರೆದ ಹಾಗಾಗುತ್ತದೆ.

ದೀಪಾವಳಿ ಸಂಚಿಕೆಯಲ್ಲಿ ಬಂದ ನನ್ನ ಕಥೆ ಓದಿ ನೀನು ಮಾತು ಬಿಟ್ಟೆ. ನಿನ್ನ ಹೆಸರು ಬದಲಿಸಿದ್ದೆ, ಶಹಾಬಾದಿನ ಗಂಡನ ಮನೆಯನ್ನು ನಾಲವಾರಕ್ಕೆ ಸಾಗಿಸಿದ್ದೆ. ಆದರೆ ನೀನು ಕಾಲುಂಗುರ ಬಿಚ್ಚಿ ಅತ್ತೆಯ ಉಪ್ಪಿನ ಗಡಿಗೆಯಲ್ಲಿ ಹಾಕಿ ಹೊರಟುಬಂದದ್ದನ್ನು ಬಿಡಲು ಮನಸ್ಸಾಗಲಿಲ್ಲ. ಅಂಥದ್ದು ಯಾವ ಕಥೆಗಾರ್ತಿಗೆ ದಿನಾ ಸಿಗುತ್ತದೆ? ಅದೊಂದರಿಂದಲೇ ನೀನು ಪಾಠ ಮಾಡುವ ಶಾಲೆಯ ಮಾಸ್ತರರೆಲ್ಲ ಗುರುತು ಹಿಡಿದರು. "ಗಂಡನ ಮನಿ ಬಾಳೇವು ಅಂತೂ ಹೋಯ್ತು, ಅದರ ದುಃಖನೂ ನನಗ ಉಳಸಲಿಲ್ಲಲ್ಲ ಅವ್ವಾ" ಅಂದೆ. ನನಗೆ ಸಿಟ್ಟೇ ಬಂತು. ಆ ದುಃಖದಲ್ಲಿ ಹಡೆದವಳಿಗೆ ಪಾಲಿಲ್ಲವೇ ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ಅದೇ ಕಥೆಯನ್ನು ಕಾದಂಬರಿ ಮಾಡುತ್ತೇನೆಂದು ಒಪ್ಪಿ ನಾನು ಇಲ್ಲಿಗೆ ಬಂದದ್ದು ನಿನ್ನ ಕಿವಿಗೂ ಬಿದ್ದಿರಬೇಕು. ನಿನ್ನೆ ಇಲ್ಲಿನ ವ್ಯವಸ್ಥಾಪಕ ಸುರೇಶಕುಮಾರ ಹಸ್ತಪ್ರತಿ ಕೇಳಿದ. ಒಂದು ಪುಟವೂ ಆಗಿಲ್ಲ ಎಂದೆ. ಪಾಪ, ಕನಿಕರದಿಂದ ನೋಡಿದ. "ಇನ್ನ ಸಾಕು ಮಾಡ್ರಿ ಅಕ್ಕಾರ, ಭಾಳ ಬರದೀರಿ, ಆರಾಮ ಇರ್ರಿ" ಅಂದ. ಇನ್ನು ಮೇಲೆ ನನ್ನನ್ನು ಯಾರೂ ಎಲ್ಲಿಗೂ ಕರೆಯಲಾರರು. ಇರಲಿ.

ನಾಡಿದ್ದು ವಾಡಿಗೆ, ಮನೆಗೆ ಹೋಗುತ್ತೇನೆ. ರಜೆಯಲ್ಲಿ ಬಂದು ಹೋಗು. ಏನು ಬೇಕಾದರೂ ಮಾತಾಡು, ಅತ್ತರೂ ಅಳು. ಅದನ್ನು ಬರೆದುಕೊಳ್ಳುವವರು ಆ ಮನೆಯಲ್ಲಿ ಈಗ ಯಾರೂ ಇಲ್ಲ.

ನಿನ್ನ ಅವ್ವ,
ಸುಮಂಗಲಾ

ತಾ.ಕ.: ಕಾದಂಬರಿ ಆಗಲಿಲ್ಲ ಎಂದದ್ದು ಸುಳ್ಳು. ಮುಗಿದಿತ್ತು. ನಾನು ಬರೆದದ್ದರಲ್ಲೆಲ್ಲ ಅದೇ ಚೆನ್ನಾಗಿತ್ತು. ಮೊನ್ನೆ ಹಾಳೆಗಳನ್ನೆಲ್ಲ ಮಾಶಾಬಿಯ ಒಲೆಗೆ ಹಾಕಿದೆ. ನಿನಗೆ ಹೇಳಬಾರದೆಂದಿದ್ದೆ, ಆದರೆ ಹೊಗಳಿಸಿಕೊಳ್ಳುವ ಚಟ ಇನ್ನೂ ಹೋಗಿಲ್ಲ ನೋಡು. ಅವತ್ತು ರೊಟ್ಟಿ ಚೆನ್ನಾಗಿಯೇ ಉಬ್ಬಿದವು.