ಪಟ್ಟಿಯಿಂದ ನನ್ನ ಆಸ್ಪತ್ರೆ ಹೊಡೆದುಹಾಕು

ಮಗರಾಯ,

ನೀನು ಏಳುವಷ್ಟರಲ್ಲಿ ನಾನು ಆಪರೇಷನ್ ಥಿಯೇಟರಿನಲ್ಲಿರುತ್ತೇನೆ. ಹಾಲು ಕಾಯಿಸಿಟ್ಟಿದ್ದೇನೆ. ಆರಿದ ಮೇಲೆ ಫ್ರಿಜ್ಜಿಗಿಡು.

ಅರಿವಳಿಕೆ ತರಬೇತಿಗೆ ಯಾವ ಯಾವ ಆಸ್ಪತ್ರೆ ಬೇಕೆಂದು ಪಟ್ಟಿ ಕೊಡಲು ಇವತ್ತು ಸಂಜೆ ಐದೇ ಕೊನೆ. ಮೊದಲ ಸಾಲಿನಲ್ಲಿ ನನ್ನ ಆಸ್ಪತ್ರೆ ಬರೆದಿದ್ದೀಯ. ಹೊಡೆದುಹಾಕು. ಅಲ್ಲಿನ ಅರಿವಳಿಕೆ ವಿಭಾಗದ ಮುಖ್ಯಸ್ಥೆ ನಿನ್ನ ಅಮ್ಮ ಎಂಬ ಸಂಕೋಚಕ್ಕಲ್ಲ. ನೀನು ಬೇಡವೆಂದು ನಾನೇ ಬರೆದುಕೊಟ್ಟಾಗಿದೆ.

ಭಾನುವಾರ ಮಧ್ಯಾಹ್ನ ಅಪ್ಪನ ಬೆರಳಿಗೆ ಹಾಕಿದ ಆಕ್ಸಿಜನ್ ಅಳೆಯುವ ಯಂತ್ರ ಕೂಗಿಕೊಂಡಿತಲ್ಲ. ನೀನು ಫೋನಿನಿಂದ ಕಣ್ಣು ಕೀಳದೆ ಕೈಚಾಚಿ ಅದರ ಸದ್ದಡಗಿಸಿದೆ. "ಬೆರಳು ತಣ್ಣಗಾಗಿರತ್ತಮ್ಮ, ಸುಮ್ನೆ ಕೂಗತ್ತೆ" ಅಂದೆ. ಆಕ್ಸಿಜನ್ ಕೊಡುವ ಮೂಗಿನ ಕೊಳವೆ ಜಾರಿತ್ತು. ಅಪ್ಪನ ತುಟಿ ನೀಲಿಗಟ್ಟಿದ್ದು ಅಡುಗೆಮನೆಯಿಂದ ಓಡಿಬಂದ ನನಗೆ ಕಂಡಿತು, ಎರಡಡಿ ದೂರದಲ್ಲಿದ್ದ ನಿನಗಲ್ಲ.

ಬೇರೆ ಆಸ್ಪತ್ರೆಗಳಿಗೆ ಹಾಕಿಕೋ, ನಾನು ಅಡ್ಡ ಬರುವುದಿಲ್ಲ. ಅವರು ಫೋನ್ ಮಾಡಿ ಕೇಳಿದರೆ ಇದಿಷ್ಟನ್ನೇ ಹೇಳುತ್ತೇನೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯೂ ಇಲ್ಲ.

ಅಪ್ಪನ ಮಾತ್ರೆ ಹತ್ತು ಗಂಟೆಗೆ. ನೀನು ಕೊಡಬೇಡ. ಪಕ್ಕದ ಮನೆಯ ಟೈಲರ್ ಅಕ್ಕ ಹೊಲಿಗೆ ಎತ್ತಿಕೊಂಡು ಬರುತ್ತಾರೆ. ನಾನು ಬರುವವರೆಗೂ ಅವರೇ ಅಪ್ಪನ ಪಕ್ಕ ಕೂರುತ್ತಾರೆ. ಪಾಪ, ಅವರು ಡಾಕ್ಟರಿಕೆ ಓದಿಲ್ಲ. ಯಂತ್ರ ಕೂಗಿದರೆ ಸೂಜಿ ಕೆಳಗಿಟ್ಟು ಮೊದಲು ಅಪ್ಪನ ಮುಖ ನೋಡುತ್ತಾರೆ.

ನಿನಗೆ ಒಂದೇ ಕೆಲಸ ಉಳಿಸಿದ್ದೇನೆ. ಒಂಬತ್ತಕ್ಕೆ ಅವರು ಬೆಲ್ ಒತ್ತುತ್ತಾರೆ. ಆಗ ಎದ್ದು ಹೋಗಿ ಬಾಗಿಲು ತೆಗೆ.

ಅಮ್ಮ